ಐದು ಬಾಗಿಲುಗಳ ಪ್ರಥಮ ಚಿಕಿತ್ಸೆ

ಸಭೆಯಲ್ಲಿ ಕೈ ಎತ್ತುವುದು ಒಂದು ಕಾಯಿಲೆ. ಅದಕ್ಕೆ ಮದ್ದು ಇನ್ನೂ ಸಿಕ್ಕಿಲ್ಲ. ನನಗೆ ಅದು ತಗುಲಿದ್ದು ಮಗಳ ಶಾಲೆಯ ಪೋಷಕರ ಸಭೆಯಲ್ಲಿ, ನಾಲ್ಕನೇ ತರಗತಿಯ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದಾಗ.

ಕ್ಲಾಸ್ ಟೀಚರ್ ಹೇಳುತ್ತಿದ್ದರು: "ಮೂರು ದಿನದ ಕಾಡಿನ ಶಿಬಿರ. ಆಸ್ಪತ್ರೆಗೆ ನಾಲ್ಕು ಗಂಟೆ ದಾರಿ, ಫೋನ್ ಸಿಗಲ್ಲ. ಕಾಡಿನಲ್ಲಿ ಮಾಡೋ ಪ್ರಥಮ ಚಿಕಿತ್ಸೆ ಕಲಿತು ಸರ್ಟಿಫಿಕೇಟ್ ತಗೊಂಡ ಪೋಷಕರೊಬ್ಬರು ಜೊತೆಗಿರಲೇಬೇಕು ಅಂತ ಅರಣ್ಯ ಕಚೇರಿಯವರು ಹೇಳಿದ್ದಾರೆ. ಯಾರೂ ಸಿಗದಿದ್ದರೆ ಶಿಬಿರ ರದ್ದು."

ಹೊರಗೆ ಕಿಟಕಿಯ ಗಾಜಿಗೆ ಇಪ್ಪತ್ತೆರಡು ಮೂಗುಗಳು ಅಂಟಿಕೊಂಡಿದ್ದವು. ಅದರಲ್ಲಿ ಒಂದು ನನ್ನ ಮಗಳದು. ಅವಳು ಮೂರು ವಾರದ ಹಿಂದೆಯೇ ಬ್ಯಾಗು ತುಂಬಿ ಬಾಗಿಲ ಬಳಿ ಇಟ್ಟಾಗಿತ್ತು. ದಿನಾ ಬೆಳಿಗ್ಗೆ ಆ ಬ್ಯಾಗಿನಿಂದ ಹಲ್ಲುಜ್ಜುವ ಬ್ರಷ್ ತೆಗೆದು, ಹಲ್ಲುಜ್ಜಿ, ಒರೆಸಿ, ಮತ್ತೆ ಅದೇ ಬ್ಯಾಗಿನೊಳಗೆ ಇಡುತ್ತಿದ್ದಳು. ಮನೆಯಲ್ಲಿ ಅವಳು ಬರೀ ಅತಿಥಿ.

ಪೋಷಕರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ನಾನು ಕೈ ಎತ್ತಿದೆ.

"ಅದೇನು ಮಹಾ ವಿದ್ಯೆ ಬಿಡಿ ಟೀಚರ್," ಅಂದೆ. "ನಾನು ನೀರಿನ ಮೀಟರ್ ಓದೋನು. ಹದಿನಾಲ್ಕು ವರ್ಷದಿಂದ ಬೀದಿ ಸುತ್ತಿದ್ದೀನಿ. ನಾಯಿ ಕಚ್ಚಿದ್ದು, ಮೆಟ್ಟಿಲು ಜಾರಿದ್ದು, ಗೇಟಿಗೆ ಬೆರಳು ಸಿಕ್ಕಿದ್ದು, ಎಲ್ಲ ಈ ಮೈಯೇ ನೋಡಿದೆ. ಸರ್ಟಿಫಿಕೇಟು ಒಂದು ಬಾಕಿ ಅಷ್ಟೆ."

ಪಕ್ಕದಲ್ಲಿದ್ದ ಹೆಂಡತಿ ನನ್ನ ಅಂಗಿಯ ತುದಿ ಹಿಡಿದು ಜಗ್ಗಿದಳು. ತಡವಾಗಿತ್ತು. ಕಿಟಕಿಯಾಚೆ ಇಪ್ಪತ್ತೆರಡು ಮಕ್ಕಳು ಕುಣಿಯುತ್ತಿದ್ದರು.

ದಾರಿಯಲ್ಲಿ ಹೆಂಡತಿ ಕೇಳಿದಳು. "ರೀ, ಮೊನ್ನೆ ನನ್ನ ಬೆರಳು ಕುಯ್ದಾಗ ನೀವು ಎಲ್ಲಿದ್ರಿ?"

"ಹಾಲ್‌ನಲ್ಲಿ."

"ಹಾಲ್‌ನಲ್ಲಿ ಏನ್ ಮಾಡ್ತಿದ್ರಿ?"

"ಮಲಗಿದ್ದೆ."

"ಮಲಗಿರಲಿಲ್ಲ. ರಕ್ತ ನೋಡಿ ಬಿದ್ದಿದ್ರಿ."

ವೈದ್ಯಕೀಯ ಇತಿಹಾಸದಲ್ಲಿ ಇಂಥ ಸಣ್ಣಪುಟ್ಟ ಹಿನ್ನಡೆಗಳು ಯಾರಿಗೆ ಆಗಿಲ್ಲ?

ತರಬೇತಿ ನಡೆದದ್ದು ಆಟದ ಮೈದಾನದ ಪಕ್ಕದ ಹಾಲಿನಲ್ಲಿ. ಕಲಿಸುವ ಮೇಡಂ ಇಪ್ಪತ್ತು ವರ್ಷ ಬೆಟ್ಟ ಹತ್ತಿಸಿ ಈಗ ಮೊಣಕಾಲು ನೋವಿಗೆ ಕೆಳಗಿಳಿದವರು. ಅವರು ಬೋರ್ಡಿನ ಮೇಲೆ ಐದು ಇಂಗ್ಲಿಷ್ ಅಕ್ಷರಗಳನ್ನು ಒಂದರ ಕೆಳಗೊಂದು ಬರೆದು ಹೇಳಿದರು: "ಯಾವುದು ಬೇಗ ಕೊಲ್ಲುತ್ತೋ ಅದನ್ನ ಮೊದಲು ನೋಡಬೇಕು. ಮೊದಲು ವಿಪರೀತ ರಕ್ತಸ್ರಾವ. ಆಮೇಲೆ ಶ್ವಾಸನಾಳ. ಆಮೇಲೆ ಉಸಿರಾಟ. ಆಮೇಲೆ ನಾಡಿ, ರಕ್ತದ ಓಟ. ಕೊನೆಗೆ ಮೈ ತಣ್ಣಗಾಗದ ಹಾಗೆ ಬೆಚ್ಚಗೆ ಸುತ್ತೋದು. ಐದು ಅಕ್ಷರ, ಐದು ಕೆಲಸ. ಅಕ್ಷರ ನೆನಪಿದ್ರೆ ಜೀವ ಉಳಿಯುತ್ತೆ."

ಐದೇ ಆಗಿದ್ದರೆ ನಾನೂ ಉಳಿಯುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಪ್ರಜ್ಞೆ ಅಳೆಯಲು ನಾಲ್ಕು ಅಕ್ಷರ ಬಂದವು. ರೋಗಿಯ ಪೂರ್ವಾಪರ ವಿಚಾರಿಸಲು ಆರು ಬಂದವು. ಕಾಲು ಉಳುಕಿದರೆ ಬೇರೆಯೇ ನಾಲ್ಕು. ನಾನು ಪ್ರಜ್ಞೆ ತಪ್ಪಿದವನನ್ನು "ಕೊನೆಯ ಸಲ ಏನು ತಿಂದ್ರಿ?" ಎಂದು ಕೇಳಿದೆ. ಕಾಲು ಉಳುಕಿದವಳ ಕಣ್ಣಿಗೆ ಟಾರ್ಚ್ ಬಿಟ್ಟೆ. ಮೇಡಂ ಗಡಿಯಾರ ನೋಡಿ, ಬಸ್ಸಿನ ನಂಬರ್ ಓದುವ ದನಿಯಲ್ಲಿ "ಸತ್ರು" ಅಂದರು. ಸಂಜೆಯೊಳಗೆ ನನ್ನ ಕೈಯಲ್ಲಿ ಆರು ಜನ ತೀರಿಕೊಂಡಿದ್ದರು. ಅದರಲ್ಲಿ ಒಬ್ಬರಿಗೆ ಬರೀ ಜೇನುಹುಳ ಕಚ್ಚಿತ್ತು.

"ಮುಂದಿನ ಭಾನುವಾರ ಪರೀಕ್ಷೆ," ಅಂದರು ಮೇಡಂ. "ಬೆಳಿಗ್ಗೆ ಹತ್ತಕ್ಕೆ. ಹತ್ತು ನಿಮಿಷ. ಐದೂ ಹಂತ ಕ್ರಮವಾಗಿ, ಬಾಯಲ್ಲಿ ಹೇಳ್ತಾ ಮಾಡಬೇಕು. ಕ್ರಮ ತಪ್ಪಿದ್ರೆ ಫೇಲ್." ಕೊನೆಯ ಮಾತು ಹೇಳುವಾಗ ಎಲ್ಲರನ್ನೂ ಬಿಟ್ಟು ನನ್ನನ್ನೇ ನೋಡಿದರು.

ಇಲ್ಲಿ ನನ್ನ ತಲೆಯ ಬಗ್ಗೆ ಒಂದು ಮಾತು ಹೇಳಬೇಕು. ಅದು ಕೆಟ್ಟ ತಲೆಯಲ್ಲ. ಆರುನೂರ ಹನ್ನೆರಡು ಮನೆಯ ಮೀಟರು ಎಲ್ಲೆಲ್ಲಿ ಅಡಗಿದೆಯೆಂದು ಅದಕ್ಕೆ ಗೊತ್ತು. ಆದರೆ ಬಾಗಿಲು ಬಾಗಿಲಾಗಿ ಮಾತ್ರ ಗೊತ್ತು. ನಡುವಿನ ಒಂದು ಮನೆಯನ್ನು ಕೇಳಿದರೆ ಬೀದಿಯ ತುದಿಯಿಂದ ನಡೆದುಕೊಂಡೇ ಬರಬೇಕು. ಮದುವೆಯಾದ ತಾರೀಕು ಕೂಡ ನನಗೆ ನೆನಪಿರುವುದು ಹಳದಿ ಗೇಟಿನ ಮನೆ ಮತ್ತು ಮುರಿದ ನಲ್ಲಿಯ ಮನೆಗಳ ಮಧ್ಯೆ.

ಹಾಗಾದರೆ ಅಕ್ಷರದ ಗೊಡವೆ ಯಾಕೆ? ನಮ್ಮ ಕಟ್ಟಡಕ್ಕೆ ಸರಿಯಾಗಿ ಐದು ಬಾಗಿಲು. ನೆಲಮಹಡಿಯಲ್ಲಿ ಬಲಕ್ಕೆ ಕಟ್ಟಡದ ಸಂಘದ ಕಾರ್ಯದರ್ಶಿ, ಎಡಕ್ಕೆ ಸಂಗೀತದ ಟೀಚರ್. ಮೇಲಿನ ಮಹಡಿಯಲ್ಲಿ ಬಲಕ್ಕೆ ಟೈಲರ್, ಎಡಕ್ಕೆ ನಾವು. ತಾರಸಿಯ ಕೋಣೆಯಲ್ಲಿ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ. ಐದು ಬಾಗಿಲಿಗೆ ಐದು ಹಂತ ನೇತುಹಾಕಿದೆ. ಎರಡು ಸಲ ಮನಸ್ಸಿನಲ್ಲೇ ಮೆಟ್ಟಿಲು ಹತ್ತಿದೆ. ಗಡಿಯಾರದ ಹಾಗೆ ನಡೆಯಿತು.

ಕಾಗದದ ಮೇಲೆ ಬಂದರೆ ಇನ್ನೂ ಗಟ್ಟಿ ಎಂದು, ಕೈಗೆ ಸಿಕ್ಕಿದ ಕಚೇರಿಯ ನಮೂನೆಯಲ್ಲಿ, ನನಗೆ ಬರುವ ಒಂದೇ ಶೈಲಿಯಲ್ಲಿ ಬರೆದೆ. ಬಾಗಿಲು, ವಾಸವಿರುವವರು, ಇಂದಿನ ಸ್ಥಿತಿ, ಮುಂದಿನ ಕ್ರಮ. ಮೀಟರ್ ಓದುವವನು ಪ್ರಶ್ನೆ ಬರೆಯುವುದಿಲ್ಲ. ಸ್ಥಿತಿ ಬರೆಯುತ್ತಾನೆ.

"ಒಂದು: ಕಾರ್ಯದರ್ಶಿ. ವಿಪರೀತ ರಕ್ತಸ್ರಾವ. ಎರಡೂ ಕೈಯಿಂದ ಬಲವಾಗಿ ಅದುಮು. ನಿಲ್ಲದಿದ್ದರೆ ಬಿಗಿದು ಕಟ್ಟಿ, ಕಟ್ಟಿದ ಹೊತ್ತನ್ನು ಹಣೆಯ ಮೇಲೆ ಬರೆ.

ಎರಡು: ಸಂಗೀತದ ಟೀಚರ್. ಶ್ವಾಸನಾಳ ಮುಚ್ಚಿದೆ. ಗೊರಗೊರ ಸದ್ದು. ಗಲ್ಲ ಎತ್ತಿ ಬಾಯೊಳಗೆ ನೋಡು.

ಮೂರು: ಟೈಲರ್. ಉಸಿರಾಟ ಏರುಪೇರು. ಅಂಗಿ ಕತ್ತರಿಸು. ಬೆನ್ನನ್ನೂ ನೋಡು.

ನಾಲ್ಕು: ನಮ್ಮ ಮನೆ. ನಾಡಿ ಕ್ಷೀಣ. ಕಾಲು ಎತ್ತಿ ಮಲಗಿಸು.

ಐದು: ಅತ್ತೆ. ತಣ್ಣಗಾಗಿದ್ದಾರೆ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತು. ಅಲ್ಲಾಡಿಸಬೇಡ.

ಷರಾ: ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಹತ್ತು ನಿಮಿಷದಲ್ಲಿ ಐದನ್ನೂ ಮುಗಿಸಬೇಕು."

ಕೆಳಗೆ ಅಭ್ಯಾಸಬಲದಿಂದ ಸಹಿ ಹಾಕಿ, ಕಚೇರಿಯ ಮೊಹರನ್ನೂ ಒತ್ತಿದೆ. ಓಡಾಡುತ್ತ ಓದಿಕೊಳ್ಳಲು ಅನುಕೂಲವಾಗಲಿ ಎಂದು ಮೆಟ್ಟಿಲ ಕೆಳಗಿನ ಮೀಟರು ಕಪಾಟಿನ ಒಳಬಾಗಿಲಿಗೆ ಅಂಟಿಸಿದೆ. ಆ ಕಪಾಟನ್ನು ನನ್ನ ಬಿಟ್ಟು ಯಾರೂ ತೆಗೆಯುವುದಿಲ್ಲ. ಕಾರ್ಯದರ್ಶಿಯವರು ಪ್ರತಿ ಗುರುವಾರ ಬೀಗ ಸರಿಯಿದೆಯೇ ಎಂದು ನೋಡಲು ತೆಗೆಯುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು.

ಗುರುವಾರ ಸಂಜೆ ಕೆಲಸ ಮುಗಿಸಿ ಬಂದರೆ ಇಡೀ ಕಟ್ಟಡ ಮೆಟ್ಟಿಲ ಮೇಲೆ ನಿಂತಿತ್ತು. ನನ್ನನ್ನು ನೋಡಿದ ಕೂಡಲೇ ಎಲ್ಲರೂ ಒಂದು ಮೆಟ್ಟಿಲು ಮೇಲೆ ಸರಿದರು.

ಟೈಲರ್ ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು, ಎರಡೂ ಕೈಯಿಂದ ಅಂಗಿಯನ್ನು ತಬ್ಬಿಕೊಂಡಿದ್ದ. ಸಂಗೀತದ ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಕೊನೆಯ ಮೆಟ್ಟಿಲಲ್ಲಿ, ಆ ಸೆಕೆಯಲ್ಲಿ, ಎರಡು ಸ್ವೆಟರು ಮತ್ತು ಒಂದು ಶಾಲು ಹೊದ್ದು ಅತ್ತೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಮುಖದಿಂದ ಬೆವರು ಧಾರಾಕಾರ ಇಳಿಯುತ್ತಿತ್ತು. ನನ್ನ ಹೆಂಡತಿ ಮಾತ್ರ ಬಾಗಿಲಿಗೆ ಒರಗಿ ಅವರೆಕಾಳು ಬಿಡಿಸುವಷ್ಟು ನೆಮ್ಮದಿಯಿಂದ ನಿಂತಿದ್ದಳು. ನಡುವೆ ಒಬ್ಬರು ಪೊಲೀಸಿನವರು. ಅವರ ಪಕ್ಕದಲ್ಲಿ ನನ್ನ ಕಾಗದವನ್ನು ಪಾರದರ್ಶಕ ಚೀಲದೊಳಗೆ ಹಾಕಿ ಎರಡು ಬೆರಳಲ್ಲಿ ಹಿಡಿದ ಕಾರ್ಯದರ್ಶಿ.

"ಇವರೇ," ಅಂದರು ಕಾರ್ಯದರ್ಶಿ. "ಸಹಿ, ಮೊಹರು, ಮುಹೂರ್ತ, ಎಲ್ಲ ಇದೆ. ನನ್ನನ್ನೇ ಮೊದಲು ಮುಗಿಸ್ತಾರಂತೆ."

ಪೊಲೀಸಿನವರು ಕಾಗದ ಓದಿದರು. ಅವರಿಗೆ ಅನುಭವವಿತ್ತು. ಕೊನೆಯಿಂದ ಶುರು ಮಾಡಿದರು. "ಐದನೆಯವರು ಆಗಲೇ ತಣ್ಣಗಾಗಿದ್ದಾರೆ ಅಂತ ಇದೆಯಲ್ಲ? ಅವರೆಲ್ಲಿ?"

"ನಾನೇ," ಅಂದರು ಅತ್ತೆ.

"ನೀವು ತಣ್ಣಗಾಗಿಲ್ವಾ?"

"ಮುಟ್ಟಿ ನೋಡಪ್ಪ! ಎಲ್ರೂ ಮುಟ್ಟಿ ನೋಡಿ! ಅಳಿಯಂದಿರಿಗೆ ಹನ್ನೊಂದು ವರ್ಷದಿಂದ ಬಿಸಿಬಿಸಿಯಾಗಿ ಬಡಿಸಿದ ಕೈ ಇದು. ಪ್ಲಾಸ್ಟಿಕ್‌ನಲ್ಲಿ ಸುತ್ತಬೇಕಂತೆ ನನ್ನನ್ನ. ಒಂದು ಒಳ್ಳೆ ಬಟ್ಟೆ ಕೂಡ ಬೇಡ್ವಾ?"

"ಸಾರ್," ಅಂದೆ ನಾನು, "ಅದು ಕೊಲೆ ಅಲ್ಲ, ಪ್ರಥಮ ಚಿಕಿತ್ಸೆ."

"ಹಣೆ ಮೇಲೆ ಟೈಮ್ ಬರಿಯೋದು ಚಿಕಿತ್ಸೆನಾ?" ಕಾರ್ಯದರ್ಶಿ ಇನ್ನೊಂದು ಕೈಯಿಂದ ಹಣೆ ಮುಚ್ಚಿಕೊಂಡರು.

"ಹೌದು ಸಾರ್, ಆಸ್ಪತ್ರೆಯವರಿಗೆ ಗೊತ್ತಾಗಲಿ ಅಂತ."

"ನನ್ನ ಗಂಟಲಲ್ಲಿ ಗೊರಗೊರ ಸದ್ದು ಅಂತೆ," ಬೆರಳುಗಳ ಸಂದಿಯಿಂದ ಸಂಗೀತದ ಟೀಚರ್ ಅಂದರು. "ನಲವತ್ತು ವರ್ಷ ಹಾಡಿದ ಗಂಟಲು! ಇಷ್ಟವಿಲ್ಲ ಅಂದ್ರೆ ಕಿಟಕಿ ಮುಚ್ಚಿಕೊಳ್ಳಬಹುದಿತ್ತು."

ನಾನು ಶಿಬಿರ, ಸರ್ಟಿಫಿಕೇಟು, ಅಕ್ಷರ, ಬಾಗಿಲು ಎಲ್ಲ ಬಿಡಿಸಿ ಹೇಳಿದೆ. ಮಗಳು ಬ್ಯಾಗು ತಂದು ಸಾಕ್ಷಿಗೆ ತೋರಿಸಿದಳು. ಹೆಂಡತಿ ತಣ್ಣಗೆ, "ನಿಜ ಸಾರ್. ಇವರು ರಕ್ತ ನೋಡಿದ್ರೆ ಬೀಳ್ತಾರೆ. ಕೊಲೆ ಎಲ್ಲ ಇವರ ಕೈಲಾಗೋ ಕೆಲಸ ಅಲ್ಲ," ಅಂದಳು. ಮದುವೆಯಾದ ಮೇಲೆ ನನ್ನ ಪರವಾಗಿ ಅವಳು ಆಡಿದ ಅತ್ಯಂತ ಬಲವಾದ ಮಾತು ಅದು.

ಪೊಲೀಸಿನವರು ನಕ್ಕು ಟೋಪಿ ತೆಗೆದರು. ಅಲ್ಲಿಗೆ ಮುಗಿಯಬೇಕಿತ್ತು. ಹೋಗುತ್ತ ಹೋಗುತ್ತ ಅವರು ಸುಮ್ಮನೆ ಒಂದು ಮಾತು ಅಂದರು. "ಅಂದ್ರೆ ಅಪಾಯ ಬಂದ್ರೆ ಮೊದಲು ನೋಡೋದು ಕಾರ್ಯದರ್ಶಿಗಳನ್ನ, ಅತ್ತೆಯವರನ್ನ ಎಲ್ಲ ಆದಮೇಲೆ. ಒಳ್ಳೆ ಸಂಘ ಕಣ್ರೀ ನಿಮ್ಮದು."

ಅವರ ಬೂಟಿನ ಸದ್ದು ಮರೆಯಾಗುವ ಮುಂಚೆ ಮೆಟ್ಟಿಲ ಮೇಲಿನ ಗಾಳಿ ಬದಲಾಗಿತ್ತು.

"ಹೌದಲ್ಲ," ಅಂದರು ಅತ್ತೆ, ಒಂದು ಸ್ವೆಟರು ಕಳಚುತ್ತ. "ನಾನ್ಯಾಕೆ ಕೊನೆ?"

"ನಾನು ಮೂರನೆಯವನಾ?" ಅಂದ ಟೈಲರ್. ಅವನ ಕೈ ಅಂಗಿಯಿಂದ ಸಡಿಲಾಗಿತ್ತು. "ಈ ಕಟ್ಟಡಕ್ಕೆ ಮೊದಲು ಬಂದೋನು ನಾನು. ಆಗ ಕಾರ್ಯದರ್ಶಿಗಳ ಮನೆಗೆ ಕಿಟಕಿನೇ ಇರಲಿಲ್ಲ."

"ಅತ್ತೆ, ಅದು ಬಾಗಿಲಿನ ಲೆಕ್ಕ. ಕೆಳಗಿಂದ ಮೇಲಕ್ಕೆ."

"ಮೇಲಿಂದ ಕೆಳಕ್ಕೆ ಇಳಿಯೋಕೆ ನಿಮಗೆ ಕಾಲಿಲ್ವಾ?"

ಮೂರು ನಿಮಿಷದ ಹಿಂದೆ ಪಟ್ಟಿಯಲ್ಲಿದ್ದೇವೆ ಎಂದು ನಡುಗುತ್ತಿದ್ದವರು ಈಗ ಪಟ್ಟಿಯಲ್ಲಿ ಕೆಳಗಿದ್ದೇವೆ ಎಂದು ಕುದಿಯತೊಡಗಿದರು. ಕಾರ್ಯದರ್ಶಿ ಮಾತ್ರ ಚೀಲದೊಳಗಿನ ಕಾಗದವನ್ನು ಹೊಸ ಗೌರವದಿಂದ ನೋಡಿ, "ಕ್ರಮ ಸರಿಯಾಗೇ ಇದೆ ಅನ್ಸುತ್ತೆ," ಅಂದರು. ಅದರಿಂದ ಗಲಾಟೆ ಇನ್ನೂ ಜೋರಾಯಿತು.

ಶುಕ್ರವಾರ ಸಂಜೆ ಕಾರ್ಯದರ್ಶಿಯವರ ಹಾಲಿನಲ್ಲಿ ವಿಶೇಷ ಸಭೆ ಸೇರಿತು. ವಿಷಯ: ಪ್ರಾಣಾಪಾಯದಲ್ಲಿ ಬಾಗಿಲುಗಳ ಹಿರಿತನ. ನಾನು, ರಕ್ತ ಮೊದಲು ನಿಲ್ಲಿಸದಿದ್ದರೆ ಮನುಷ್ಯ ಮೂರು ನಿಮಿಷದಲ್ಲಿ ಸಾಯುತ್ತಾನೆ ಎಂದು ವಿವರಿಸಲು ಎದ್ದೆ. "ನಿಮಗೆ ಮಾತಾಡೋಕೆ ಆಮೇಲೆ ಅವಕಾಶ ಕೊಡ್ತೀವಿ," ಅಂದರು ಕಾರ್ಯದರ್ಶಿ. ಅದು ಕೊನೆಗೂ ಬರಲಿಲ್ಲ. ಒಂದೂಮುಕ್ಕಾಲು ಗಂಟೆಯ ಚರ್ಚೆಯ ನಂತರ ನಿರ್ಣಯವಾಯಿತು: ವಯಸ್ಸಿನಲ್ಲಿ ಹಿರಿಯರಾದ್ದರಿಂದ ಅತ್ತೆ ಮೊದಲು. ಹಳೆಯ ನಿವಾಸಿಯಾದ್ದರಿಂದ ಟೈಲರ್ ಎರಡನೆಯವನು. ಕಲೆಗೆ ಮರ್ಯಾದೆ ಕೊಟ್ಟು ಟೀಚರ್ ಮೂರನೆಯವರು. ನಮ್ಮ ಮನೆ ನಾಲ್ಕು. ಅಧ್ಯಕ್ಷತೆ ವಹಿಸಿದವರು ಯಾವಾಗಲೂ ಕೊನೆಯಲ್ಲಿ ಮಾತಾಡುವುದರಿಂದ, ಆ ಘನತೆ ಉಳಿಸಿಕೊಳ್ಳಲು, ಕಾರ್ಯದರ್ಶಿ ಐದನೆಯವರು.

"ಆದ್ರೆ ಅವರವರ ಕಾಯಿಲೆ ಅವರವರ ಹತ್ರಾನೇ ಇರಲಿ," ಅಂದರು ಸಂಗೀತದ ಟೀಚರ್. "ನನಗೆ ಗಂಟಲು ಬಿಟ್ಟು ಬೇರೆ ಬೇಡ."

ಯಾರೂ ತಮ್ಮದನ್ನು ಬಿಟ್ಟುಕೊಡಲಿಲ್ಲ. ಒಂದೇ ದಿನದಲ್ಲಿ ಅವರಿಗೆ ತಂತಮ್ಮ ಕಾಯಿಲೆಯ ಮೇಲೆ ಮಮಕಾರ ಬಂದುಬಿಟ್ಟಿತ್ತು.

ನಿರ್ಣಯ ಧಿಕ್ಕರಿಸಿ ಹಳೆಯ ಕ್ರಮವನ್ನೇ ನೆನೆಯಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಅವರಿಗೆ ಅತ್ತೆ ಇಲ್ಲ ಎಂದೇ ಅರ್ಥ. ಶನಿವಾರ ಇಡೀ ದಿನ ನಾನು ಕಣ್ಣು ಮುಚ್ಚಿದರೆ ಎರಡು ಗುಂಪು ಒಂದೇ ಮೆಟ್ಟಿಲಲ್ಲಿ ಏರುತ್ತ ಇಳಿಯುತ್ತ ನಡುವೆ ಡಿಕ್ಕಿ ಹೊಡೆಯುತ್ತಿದ್ದವು. ಮಗಳು ಪರೀಕ್ಷೆ ಮಾಡಲು ಗೊಂಬೆಯನ್ನು ನೆಲಕ್ಕೆ ಮಲಗಿಸಿ, "ಅಪ್ಪ, ಶುರು ಮಾಡು," ಅಂದಳು. ನಾನು ಶುರು ಮಾಡಿದೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಗೊಂಬೆಯ ಮುಖಕ್ಕೆ ಕರವಸ್ತ್ರ ಮುಚ್ಚಿದಳು.

ಭಾನುವಾರ ಮೈದಾನಕ್ಕೆ ಹೋದರೆ, ಮೂರು ಮೆಟ್ಟಿಲಿನ ಗ್ಯಾಲರಿಯ ಮೇಲೆ ನಮ್ಮ ಕಟ್ಟಡ ಆಗಲೇ ಬಂದು ಕೂತಿತ್ತು. ನಿರ್ಣಯದ ಪಾಲನೆ ಆಗುತ್ತದೋ ಇಲ್ಲವೋ ನೋಡಬೇಕಲ್ಲ. ಎಡದಿಂದ ಬಲಕ್ಕೆ, ನಿರ್ಣಯದ ಪ್ರಕಾರವೇ, ಅತ್ತೆ, ಟೈಲರ್, ಟೀಚರ್, ಹೆಂಡತಿ, ಕಾರ್ಯದರ್ಶಿ. ಒಂದು ಪಕ್ಕದಲ್ಲಿ ಬ್ಯಾಗು ತಬ್ಬಿಕೊಂಡು ಮಗಳು.

ರೋಗಿಯಾಗಿ ಹಾಲಿನ ಕಾವಲುಗಾರ ಹುಲ್ಲಿನ ಮೇಲೆ ಮಲಗಿದ್ದ. ಅವನ ತೊಡೆಗೆ ಕೆಂಪು ಬಣ್ಣ ಧಾರಾಳವಾಗಿ ಸುರಿದಿದ್ದರು. ಬಣ್ಣ ಎಂದು ಗೊತ್ತಿದ್ದರಿಂದ ನಾನು ಬೀಳಲಿಲ್ಲ. ಅದನ್ನು ಮೇಡಂ ಗುರುತು ಹಾಕಿಕೊಂಡಿರಬೇಕೆಂದು ನಂಬಿದ್ದೇನೆ.

"ಶುರು," ಅಂದರು ಮೇಡಂ.

"ಮೊದಲು ಅತ್ತೆ!" ಅಂದೆ. ಪ್ಲಾಸ್ಟಿಕ್ ಹಾಳೆ ಬಿಡಿಸಿ ಕಾವಲುಗಾರನನ್ನು ಕಾಲಿನಿಂದ ಕುತ್ತಿಗೆಯವರೆಗೆ ಸುತ್ತಿದೆ. ಅವನು ಬೆಚ್ಚಗೆ ಮುಗುಳ್ನಕ್ಕ. ಗ್ಯಾಲರಿಯಿಂದ ಅತ್ತೆ ಎಲ್ಲರಿಗೂ ಕೇಳುವಂತೆ, "ನೋಡಿ, ಎಷ್ಟು ನೀಟಾಗಿ ಸುತ್ತಿದ್ರು ನನ್ನನ್ನ!" ಅಂದರು.

"ಎರಡನೆಯದು ಟೈಲರ್!" ಅಂಗಿ ಕತ್ತರಿಸಬೇಕು. ಅಂಗಿ ಹಾಳೆಯ ಒಳಗಿತ್ತು. ಮತ್ತೆ ಬಿಚ್ಚಿದೆ. ಕತ್ತರಿ ತೆಗೆದೆ.

"ಹೊಲಿಗೆ ಮೇಲೆ ಕತ್ತರಿಸಿ! ಬಟ್ಟೆ ಹಾಳಾಗಲ್ಲ!" ಟೈಲರ್ ಕೂಗಿದ.

ಮೇಡಂ ಗಡಿಯಾರ ನೋಡಿದರು. "ಸತ್ರು," ಅಂದರು. "ರಕ್ತ ಹರಿದು, ಮೂರನೇ ನಿಮಿಷದಲ್ಲಿ. ತುಂಬಾ ಬೆಚ್ಚಗೆ ಸತ್ರು." ಆಮೇಲೆ ಪುಸ್ತಕ ಮಡಚುತ್ತ, "ಇನ್ನೊಂದು ಸಲ ಅವಕಾಶ ಇದೆ. ಅರ್ಧ ಗಂಟೆ ಬಿಟ್ಟು. ಅದು ಹೋದ್ರೆ ಮುಂದಿನ ವರ್ಷವೇ," ಅಂದರು.

ನಾನು ಗ್ಯಾಲರಿಯ ಕಡೆ ನೋಡಿದೆ. ಮಗಳು ಬ್ಯಾಗಿನ ಜಿಪ್ಪು ತೆಗೆದು, ಹಲ್ಲುಜ್ಜುವ ಬ್ರಷ್ ಹೊರಗೆ ತೆಗೆದು, ಫ್ರಾಕಿನ ಜೇಬಿಗೆ ಹಾಕಿಕೊಂಡಳು. ಮನೆಗೆ ವಾಪಸ್ಸು ಬರುವ ಬ್ರಷ್.

ಅದನ್ನು ನೋಡಿದ್ದು ನಾನೊಬ್ಬನೇ ಅಲ್ಲ.

"ಕಾರ್ಯದರ್ಶಿಗಳೇ," ಅಂದರು ಅತ್ತೆ. "ಸಭೆ ಕರೀರಿ."

"ಈಗಲಾ? ಮೂರು ದಿನದ ನೋಟಿಸ್ ಬೇಕಲ್ಲ."

"ನೋಟಿಸ್ ನಾನು ಕೊಡ್ತಾ ಇದೀನಿ. ನನಗೆ ಮೊದಲ ಸ್ಥಾನ ಬೇಡ."

"ಬೇಡ ಅಂದ್ರೆ ಆಗಲ್ಲಮ್ಮ. ನಿರ್ಣಯ ಆಗಿದೆ. ರದ್ದು ಮಾಡೋಕೆ ಇನ್ನೊಂದು ನಿರ್ಣಯ ಬೇಕು. ಅದನ್ನ ಒಬ್ಬರು ಮಂಡಿಸಬೇಕು, ಒಬ್ಬರು ಅನುಮೋದಿಸಬೇಕು."

ಸಭೆ ಶುರುವಾಯಿತು. ಟೈಲರ್, ಹಿಂದೆ ಸರಿಯುವುದಾದರೆ ಅದು ತ್ಯಾಗವೆಂದು ದಾಖಲಾಗಬೇಕು, ಸೋಲೆಂದು ಅಲ್ಲ ಎಂದು ಪಟ್ಟು ಹಿಡಿದ. ಟೀಚರ್, ಹಳೆಯ ಕ್ರಮದಲ್ಲಿ ತಾನು ಎರಡನೆಯವಳಾದ್ದರಿಂದ ತನಗೇನೂ ತಕರಾರಿಲ್ಲ ಎಂದು ರಾಗವಾಗಿ ಹೇಳಿದರು. ಅರ್ಧ ಗಂಟೆ ಕಳೆದದ್ದೇ ಗೊತ್ತಾಗಲಿಲ್ಲ. ಮೇಡಂ "ಶುರು" ಅಂದುಬಿಟ್ಟರು. ನಾನು ಹೊಸ ಬಣ್ಣ ಸುರಿದುಕೊಂಡ ಕಾವಲುಗಾರನ ಪಕ್ಕ ಮಂಡಿಯೂರಿ, ಕೈ ಎತ್ತಿಕೊಂಡು, ನಿರ್ಣಯಕ್ಕಾಗಿ ಕಾಯುತ್ತ ಕೂತೆ.

"ಸಾರ್, ನಿಮ್ಮ ಸಭೆ ಬೇಗ ಮುಗಿಸಿ," ಕಾವಲುಗಾರ ತಲೆ ಎತ್ತಿ ಕೂಗಿದ. "ಇಲ್ಲಿ ಇರುವೆ ಇದೆ."

"ಪ್ರಜ್ಞೆ ಇದೆ!" ಅಂದೆ ನಾನು ಮೇಡಂಗೆ. ಅದೊಂದು ಅಂಕವಾದರೂ ಸಿಗಲಿ ಎಂದು.

"ತ್ಯಾಗ ಅಂತ ಬರೀರಿ, ಏನಾದ್ರೂ ಬರೀರಿ!" ನನ್ನ ಹೆಂಡತಿ ಎದ್ದು ನಿಂತಳು. ಈ ಇಡೀ ಪ್ರಕರಣದಲ್ಲಿ ಅವಳು ದನಿ ಎತ್ತಿದ್ದು ಆಗಲೇ. "ನಾನು ಮಂಡಿಸ್ತೀನಿ, ಅಮ್ಮ ಅನುಮೋದಿಸ್ತಾಳೆ. ವಿರೋಧ ಯಾರದು? ಕೈ ಎತ್ತಿ, ನೋಡ್ತೀನಿ."

ಯಾರೂ ಎತ್ತಲಿಲ್ಲ. ಕಾರ್ಯದರ್ಶಿ ತಮ್ಮ ಕೈಯನ್ನು ಮೊಣಕಾಲ ಕೆಳಗೆ ಇಟ್ಟುಕೊಂಡರು.

"ಹಾಗಾದ್ರೆ ಮನೆಯಲ್ಲಿದ್ದ ಹಾಗೆ ಕೂತ್ಕೊಳ್ಳಿ!"

ಕೆಳಗಿನ ಮೆಟ್ಟಿಲಿಗೆ ಕಾರ್ಯದರ್ಶಿ ಮತ್ತು ಟೀಚರ್ ಇಳಿದರು. ನಡುವಿನದಕ್ಕೆ ಟೈಲರ್ ಮತ್ತು ಹೆಂಡತಿ. ಮೂರನೆಯದಕ್ಕೆ, ಸೊಂಟ ಹಿಡಿದುಕೊಂಡು, ಅತ್ತೆ ಹತ್ತಿದರು. ನನ್ನ ಕಣ್ಣೆದುರು ನಮ್ಮ ಕಟ್ಟಡ ಗೋಡೆ, ಸುಣ್ಣ ಏನೂ ಇಲ್ಲದೆ ನಿಂತಿತು.

ಮುಂದಿನದು ನಾನು ಮಾಡಿದ್ದಲ್ಲ, ಹದಿನಾಲ್ಕು ವರ್ಷ ಬಾಗಿಲು ಬಾಗಿಲು ಸುತ್ತಿದ ಕಾಲು ಮಾಡಿದ್ದು. ಕಾರ್ಯದರ್ಶಿಯ ಮುಖ ನೋಡಿದೆ, ಗಾಯ ಅದುಮಿದೆ, ಬಿಗಿದು ಕಟ್ಟಿ ಕಾವಲುಗಾರನ ಹಣೆಯ ಮೇಲೆ ಹೊತ್ತು ಬರೆದೆ. ಟೀಚರ್: ಗಲ್ಲ ಎತ್ತಿ ಬಾಯಿ ನೋಡಿದೆ. ಟೈಲರ್: ಹೊಲಿಗೆಯ ಮೇಲೆಯೇ ಕತ್ತರಿಸಿದೆ. ಹೆಂಡತಿ: ನಾಡಿ ಹಿಡಿದೆ. ಅತ್ತೆ: ಸುತ್ತಿದೆ. ಹತ್ತನೆಯ ನಿಮಿಷಕ್ಕೆ ಇನ್ನೂ ಇಪ್ಪತ್ತು ಸೆಕೆಂಡು ಉಳಿದಿತ್ತು.

ಮೇಡಂ ಗಡಿಯಾರ ನಿಲ್ಲಿಸಿದರು. "ನಾಲ್ಕು ನಿಮಿಷ ಸಭೆಗಾಗಿ ಕಾದ ಗಾಯಾಳುವನ್ನ ನಾನು ಇದುವರೆಗೂ ನೋಡಿರಲಿಲ್ಲ," ಅಂದರು. "ಗಾಯ ಸ್ವಲ್ಪ ಚಿಕ್ಕದು ಅಂತ ಇಟ್ಕೊಳ್ಳೋಣ. ಆದ್ರೆ ನೀವು ಪ್ರತಿಸಲ ಆ ಕಡೆ ಯಾಕೆ ನೋಡ್ತೀರಾ?"

ನಾನು ಹೇಳಿದೆ. ಮೇಡಂ ಗ್ಯಾಲರಿಯವರಿಗೆ ಎದ್ದು ಗೇಟಿನಾಚೆ ಹೋಗಲು ಹೇಳಿ, ಮತ್ತೆ ಮಾಡಿ ಅಂದರು. ನಾನು ಕಾವಲುಗಾರನನ್ನು ಕೊನೆಯ ಸಲ ಏನು ತಿಂದಿರಿ ಎಂದು ಕೇಳಿದೆ. ಗ್ಯಾಲರಿಯನ್ನು ವಾಪಸ್ಸು ಕರೆದರು. ಐದೂ ಹಂತ ನೀರಿನಂತೆ ಹರಿಯಿತು. ಮತ್ತೆ ಕಳಿಸಿದರು, ನಿಂತೆ. ಮತ್ತೆ ಕರೆದರು, ಹರಿಯಿತು. ನಾಲ್ಕನೆಯ ಸಲ ಹಣೆಯ ಮೇಲೆ ಬರೆಯಲು ಕಾವಲುಗಾರನಲ್ಲಿ ಜಾಗ ಉಳಿದಿರಲಿಲ್ಲ.

"ಆ ಮಗು ನಿಮ್ಮದಾ?" ಎಂದು ಮೇಡಂ ಕೇಳಿದರು. ಹೌದು ಅಂದೆ. ಅವರು ಪೆನ್ನಿನ ಕ್ಯಾಪು ತೆಗೆದು ಸರ್ಟಿಫಿಕೇಟು ಬರೆದರು. ಕೆಳಗೆ ಒಂದು ಷರತ್ತು ಸೇರಿಸಿದರು. ಕನ್ನಡಕ ಹಾಕಿಕೊಂಡೇ ವಾಹನ ಓಡಿಸತಕ್ಕದ್ದು ಎಂದು ಕೆಲವರ ಲೈಸೆನ್ಸಿನಲ್ಲಿ ಬರೆದಿರುತ್ತದಲ್ಲ, ಅದೇ ರೀತಿ: "ಇವರು ಈ ಕೆಳಕಂಡ ಐವರು ಕಣ್ಣೆದುರಿಗೆ, ಮಹಡಿವಾರು, ಇದ್ದಾಗ ಮಾತ್ರ ಚಿಕಿತ್ಸೆ ನೀಡತಕ್ಕದ್ದು."

ಕಾರ್ಯದರ್ಶಿ ಅದನ್ನು ಓದಿ, "ನನ್ನ ಹೆಸರು ಮೊದಲು ಬಂದಿದೆ," ಎಂದು ಮೆಲ್ಲಗೆ ಹೇಳಿಕೊಂಡರು.

ಹೀಗೆ ಇಪ್ಪತ್ತೆರಡು ಮಕ್ಕಳ ಬಸ್ಸಿನಲ್ಲಿ ನಮ್ಮ ಇಡೀ ಕಟ್ಟಡ ಹೊರಟಿತು. ಅರಣ್ಯ ಕಚೇರಿಯ ಗುಮಾಸ್ತರು ಗೇಟಿನಲ್ಲಿ ಸರ್ಟಿಫಿಕೇಟು ಹಿಡಿದು ಐದು ಜನರನ್ನೂ ತಲೆ ಎಣಿಸಿದರು. "ಇವರೆಲ್ಲ ಔಷಧಿ ಪೆಟ್ಟಿಗೆಯ ಭಾಗ" ಎಂದು ನಾನು ವಿವರಿಸಿದ ಮೇಲೆ, ಪೆಟ್ಟಿಗೆಯ ಕಾಲಂನಲ್ಲಿ "ಐದು, ಸುಸ್ಥಿತಿಯಲ್ಲಿವೆ" ಎಂದು ಬರೆದುಕೊಂಡು ಒಳಗೆ ಬಿಟ್ಟರು.

ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಒಬ್ಬ ಹುಡುಗಿ ಬೇರು ಎಡವಿ ಮೊಣಕಾಲು ತರಚಿಕೊಂಡಳು. ಒಂದು ಹನಿ ರಕ್ತ. "ಸ್ಥಾನಕ್ಕೆ!" ಎಂದು ಕಾರ್ಯದರ್ಶಿ ಕೂಗಿದರು. ಇಳಿಜಾರಿನ ಕೆಳಗೆ ಅವರೂ ಸಂಗೀತದ ಟೀಚರೂ ಓಡಿ ನಿಂತರು. ಟೈಲರ್ ಮತ್ತು ನನ್ನ ಹೆಂಡತಿ ನಡುವಿನ ಬಂಡೆಯ ಮೇಲೆ. ಅತ್ತೆ ಮೇಲಿನ ಬಂಡೆ ಹತ್ತಲಾರದೆ ನಾಲ್ಕು ಮಕ್ಕಳು ಹಿಂದಿನಿಂದ ನೂಕಿದರು. ನಾನು ಕಣ್ಣೆತ್ತಿ ನೋಡಿ, ಅದುಮಿ, ಬಾಯಿ ನೋಡಿ, ಬೆನ್ನು ನೋಡಿ, ನಾಡಿ ಹಿಡಿದು, ಆ ಹುಡುಗಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತುವ ಹೊತ್ತಿಗೆ ಅವಳು ನಗು ತಡೆಯಲಾರದೆ ಒದ್ದಾಡುತ್ತಿದ್ದಳು. ಉಳಿದ ಇಪ್ಪತ್ತೊಂದು ಮಕ್ಕಳು ಸುತ್ತ ನಿಂತು ಬಾಯಿ ಬಿಟ್ಟು ನೋಡುತ್ತಿದ್ದರು. ಇಡೀ ಕಾಡಿನಲ್ಲಿ ಅದಕ್ಕಿಂತ ನೋಡುವಂಥದ್ದು ಅವರಿಗೆ ಏನೂ ಸಿಕ್ಕಿರಲಿಲ್ಲ.

ಹತ್ತು ನಿಮಿಷ ಬಿಟ್ಟು ಎರಡನೆಯವನು ಬಿದ್ದ. ಅವನ ಹಿಂದೆ ಅವಳಿ ಅಕ್ಕತಂಗಿಯರು ಒಟ್ಟಿಗೆ ಬಿದ್ದರು. ಸಪಾಟು ನೆಲದಲ್ಲಿ ಬಿದ್ದರು, ಕೂತಲ್ಲೇ ಬಿದ್ದರು. ಒಬ್ಬ ಬೀಳುವ ಮೊದಲು ಕಾರ್ಯದರ್ಶಿಯವರನ್ನು "ರೆಡಿನಾ ಸಾರ್?" ಎಂದು ವಿಚಾರಿಸಿದ. ಮಧ್ಯಾಹ್ನದೊಳಗೆ ಹದಿನೇಳು ಮಕ್ಕಳನ್ನು ನಾನು ಸಾವಿನ ದವಡೆಯಿಂದ ಎಳೆದು ತಂದಿದ್ದೆ. ಟೈಲರಿಗೆ ನಿಜವಾಗಿಯೂ ಉಸಿರಾಟ ಏರುಪೇರಾಗಿತ್ತು.

ಹದಿನೆಂಟನೆಯವಳಾಗಿ ನನ್ನ ಮಗಳು ಬಂದು ಎದುರು ನಿಂತು, ಫ್ರಾಕು ಸರಿಪಡಿಸಿಕೊಂಡಳು.

"ಅಪ್ಪ, ಈಗ ನಾನು ಬೀಳ್ಲಾ?"

ಮೇಲಿನ ಬಂಡೆಯ ಬುಡದಿಂದ, ಏದುಸಿರಿನ ನಡುವೆ, ಅತ್ತೆಯ ದನಿ ಬಂತು. "ಒಂದು ನಿಮಿಷ ತಡಿ ಕಂದಾ. ಅಜ್ಜಿ ಮೇಲೆ ಹತ್ತಲಿ."